ಜಗ್ಗಿನೊಳಗಿನ ಗೆರಟೆ

ಮಗ ನೀರು ಸೋಸುವ ಜಗ್ಗು ತರಿಸಿದ. ನನ್ನನ್ನು ಕೇಳಿ ತರಿಸಿದ್ದಲ್ಲ. ಸುಮ್ನೆ ಒಂದು ದಿನ ಬಾಗಿಲಿಗೆ ಡಬ್ಬ ಬಂತು.

"ನಲ್ಲಿ ನೀರು ಸ್ವಿಮ್ಮಿಂಗ್ ಪೂಲ್ ವಾಸನೆ ಬರುತ್ತೆ ಅಂತ ನೀನೇ ಹೇಳ್ತಿದ್ದೆ ಅಲ್ವಾ ಅಮ್ಮ?"

ಹೇಳುತ್ತಿದ್ದದ್ದು ಹೌದು. ಮದುವೆಯಾಗಿ ಮುಂಬೈಗೆ ಬಂದ ದಿನ ಮೊದಲ ಗುಟುಕಿಗೇ ಹೇಳಿದ್ದೆ. ಆಗ ಅತ್ತೆ, "ಅದು ಮದ್ದಿನ ವಾಸನೆ, ಕುಡಿ, ಎಂತ ಆಗುದಿಲ್ಲ" ಎಂದಿದ್ದರು. ಎಂತದೂ ಆಗಲಿಲ್ಲ. ಆದರೆ ಬಾಯಿ ಊರಿನ ಬಾವಿ ನೀರನ್ನು ಮರೆಯಲೂ ಇಲ್ಲ. ಈಗಲೂ ಮಳೆಗಾಲದಲ್ಲಿ ಆ ವಾಸನೆ ಒಂದು ಕೈ ಜಾಸ್ತಿ ಅನಿಸಿದಾಗ ಗೊಣಗುತ್ತೇನೆ. ಮಗ ಹುಟ್ಟಿದ್ದೇ ಇಲ್ಲಿ. ಅವನ ಮೂಗಿಗೆ ನೀರೆಂದರೆ ಹೀಗೇ. ಆದರೂ ನನ್ನ ಗೊಣಗಾಟ ಕೇಳಿ ಸಾಕಾಗಿರಬೇಕು.

ಜಗ್ಗು ನೋಡಲು ಬಹಳ ಸಾಧು ಪ್ರಾಣಿ. ಮೇಲೊಂದು ತೊಟ್ಟಿ, ಕೆಳಗೊಂದು ಜಗ್ಗು, ನಡುವೆ ಮುಷ್ಟಿಯಷ್ಟು ದೊಡ್ಡ ಬಿಳಿ ಕಾರ್ಟ್ರಿಜ್. ಕರೆಂಟು ಬೇಡ, ಗೋಡೆಗೆ ತೂತು ಕೊರೆಯುವುದು ಬೇಡ. ಮೊದಲು ಕಾರ್ಟ್ರಿಜನ್ನು ಬಟ್ಟಲಲ್ಲಿ ಮುಳುಗಿಸಿ ಅಲ್ಲಾಡಿಸಬೇಕು. ಗುಳುಗುಳು ಗುಳ್ಳೆ ಬಂದು, ಜೊತೆಗೆ ಒಂದಿಷ್ಟು ಕಪ್ಪು ಪುಡಿಯೂ ಬಂತು. ಮೊದಲ ಎರಡು ಜಗ್ಗಿನ ನೀರು ಕುಡಿಯಬಾರದಂತೆ. ಚೆಲ್ಲಲು ಮನಸ್ಸು ಬರಲಿಲ್ಲ, ತುಳಸಿಗೆ ಹಾಕಿದೆ. ಮೂರನೆಯದನ್ನು ಮೇಲೆ ಸುರಿದು ನಾಲ್ವರೂ ಸುತ್ತ ನಿಂತೆವು. ತೊಟ್... ತೊಟ್...

"ಇದೆಂತ ಮಾರಾಯ್ತಿ, ನೀರಿಗೂ ಗ್ಲೂಕೋಸ್ ಹಾಕಿದ್ದಾ?" ಎಂದರು ಅತ್ತೆ.

ನಾವಿರುವುದು ಮುಲುಂಡಿನಲ್ಲಿ. ಇಲ್ಲಿಂದ ಎರಡೇ ಸ್ಟೇಷನ್ ದೂರ ಭಾಂಡುಪ್. ಅಲ್ಲಿರುವ ನೀರು ಶುದ್ಧೀಕರಣ ಕೇಂದ್ರ ಏಷ್ಯಾದಲ್ಲೇ ದೊಡ್ಡವುಗಳಲ್ಲಿ ಒಂದು. ಮುಂಬೈಗೆ ನೀರು ಕೊಡುವುದು ಏಳು ಕೆರೆಗಳು. ವಿಹಾರ್ ಕೆರೆ 1860ರದ್ದು, ತುಳಸಿ 1879ರದ್ದು. ಇವೆರಡು ಊರೊಳಗೇ ಇವೆ. ಉಳಿದವೆಲ್ಲ ದೂರ. 1892ರ ತಾನ್ಸಾ ಕೆರೆ ಶಹಾಪುರದ ಕಡೆ ಇದೆ. ಅಲ್ಲಿಯ ನೀರು ಪಂಪಿನ ಹಂಗಿಲ್ಲದೆ ಇಳಿಜಾರಿನಲ್ಲೇ ಇಷ್ಟು ದೂರ ಹರಿದು ಬರುತ್ತದೆ. ಆನೆ ಗಾತ್ರದ ಆ ಪೈಪುಗಳನ್ನು ಮುಲುಂಡಿನವರು ದಿನಾ ನೋಡುತ್ತೇವೆ. ಪಟಿಕ ಹಾಕಿ ಕೆಸರು ಇಳಿಸಿ, ಮರಳಿನಲ್ಲಿ ಸೋಸಿ, ಕ್ಲೋರಿನ್ ಹಾಕಿ ಕಳಿಸಿದ ನೀರು ಸೊಸೈಟಿಯ ಟ್ಯಾಂಕಿಗೆ ಬಂದು, ಮಾಳಿಗೆಗೆ ಹತ್ತಿ, ನಲ್ಲಿಯಲ್ಲಿ ಇಳಿಯುತ್ತದೆ. ಅಷ್ಟೆಲ್ಲ ಆದ ಮೇಲೆ ಕಟ್ಟೆಯ ಮೇಲೆ ನನ್ನದೊಂದು ಪುಟ್ಟ ಭಾಂಡುಪ್. ಸ್ವಲ್ಪ ನಾಚಿಕೆಯೇ ಆಯಿತು.

ಸೋಸುವುದು ನಮ್ಮ ಮನೆಗೆ ಹೊಸತೇನಲ್ಲ ಅನ್ನಿ. ಅತ್ತೆ ಚಾಳಿನಲ್ಲಿದ್ದಾಗ ನಲ್ಲಿಗೆ ಮಾವನವರ ಹಳೆ ಪಂಚೆಯ ತುಂಡು ಕಟ್ಟುತ್ತಿದ್ದರಂತೆ. ಆಮೇಲೆ ಎರಡು ಕ್ಯಾಂಡಲಿನ ಸ್ಟೀಲ್ ಫಿಲ್ಟರ್ ಬಂತು. ವಾರಕ್ಕೊಮ್ಮೆ ಆ ಕ್ಯಾಂಡಲುಗಳನ್ನು ಹಳೆ ಬ್ರಷ್ಷಿನಲ್ಲಿ ತಿಕ್ಕುವ ಕೆಲಸ ನನ್ನ ಪಾಲಿಗೆ.

ಹತ್ತು ವರ್ಷದ ಹಿಂದೆ ಆರ್‌ಓ ಮಾರುವ ಹುಡುಗನೊಬ್ಬ ಬಂದಿದ್ದ. ಮೇ ತಿಂಗಳು, ಕತ್ತಿಗೆ ಟೈ ಬೇರೆ. ಎರಡು ಗ್ಲಾಸು ಇಟ್ಟ. ಒಂದರಲ್ಲಿ ನಮ್ಮ ನಲ್ಲಿ ನೀರು, ಇನ್ನೊಂದರಲ್ಲಿ ಅವನು ತಂದ ಆರ್‌ಓ ನೀರು. ಕಡ್ಡಿಗಳಿದ್ದ ಒಂದು ಯಂತ್ರವನ್ನು ಎರಡಕ್ಕೂ ಇಳಿಬಿಟ್ಟು ಸ್ವಿಚ್ ಒತ್ತಿದ. ನೋಡನೋಡುತ್ತ ನಮ್ಮ ನೀರು ತುಕ್ಕು ಬಣ್ಣಕ್ಕೆ ತಿರುಗಿ, ಮೇಲೆ ಗಸಿ ತೇಲಿತು. ಅವನದು ಹಾಗೇ ತಿಳಿಯಾಗಿತ್ತು. "ನೋಡಿ ಆಂಟಿ, ಇದನ್ನೇ ನೀವು ಮಕ್ಕಳಿಗೆ ಕುಡಿಸ್ತಾ ಇರೋದು" ಎಂದ. ನನ್ನ ಎದೆ ಧಸಕ್ ಎಂದಿತು. ಆಮೇಲೆ ಗೊತ್ತಾದದ್ದು, ಆ ಗಸಿ ಅವನ ಕಬ್ಬಿಣದ ಕಡ್ಡಿಯದ್ದೇ ಎಂದು. ನೀರಲ್ಲಿ ಲವಣ ಇದ್ದರೆ ಕರೆಂಟು ಹರಿಯುತ್ತದೆ, ಹರಿದರೆ ಕಬ್ಬಿಣ ಕರಗಿ ತುಕ್ಕಾಗುತ್ತದೆ. ಆರ್‌ಓ ನೀರಲ್ಲಿ ಲವಣವೇ ಇಲ್ಲದಷ್ಟು ಕಮ್ಮಿ, ಅದಕ್ಕೇ ತಿಳಿ.

ಆವತ್ತು ನಮ್ಮನ್ನು ಉಳಿಸಿದ್ದು ವಿಜ್ಞಾನವಲ್ಲ, ಅತ್ತೆ. ಹುಡುಗ ಬೆವರುತ್ತಿದ್ದಾನೆಂದು ಊರಿನ ಕ್ರಮದಂತೆ ಬೆಲ್ಲದ ತುಂಡು, ಒಂದು ಚೊಂಬು ನೀರು ತಂದಿಟ್ಟರು. ಪಾಪ, ಅವನು ಬೆಲ್ಲ ಬಾಯಿಗೆ ಹಾಕಿಕೊಂಡು ಚೊಂಬನ್ನು ಒಂದೇ ಗುಟುಕಿಗೆ ಖಾಲಿ ಮಾಡಿದ. ಚೊಂಬು ಕೆಳಗಿಡುವಾಗ ಅತ್ತೆ ಕೇಳಿದರು: "ಇದೂ ಅದೇ ನಲ್ಲಿದು ಮಾರಾಯಾ. ಇನ್ನೂ ಬೇಕಾ?"

ಹೊಸ ಜಗ್ಗನ್ನೂ ಪರೀಕ್ಷೆ ಮಾಡದೆ ಬಿಡಲಿಲ್ಲ. ಮಗ ನೀರಲ್ಲಿ ಕರಗಿದ ಲವಣ ಎಷ್ಟೆಂದು ಅಳೆಯುವ, ಪೆನ್ನಿನಂಥ ಟಿಡಿಎಸ್ ಮೀಟರ್ ತಂದ. ನಲ್ಲಿ ನೀರಿಗೆ 68 ಎಂದಿತು, ಜಗ್ಗಿನದಕ್ಕೆ 45. ಕುಡಿಯುವ ನೀರಿಗೆ 500ರವರೆಗೂ ಒಳ್ಳೆಯದೇ ಎನ್ನುತ್ತದೆ ನಮ್ಮ ದೇಶದ ಮಾನದಂಡ. ಮುಂಬೈ ಕೆರೆ ನೀರು ಮೊದಲೇ ಮೆದು. ಕಾರ್ಟ್ರಿಜಿನಲ್ಲಿ ಗಡಸು ನೀರನ್ನು ಮೆದು ಮಾಡುವ ರಾಳದ ಮಣಿಗಳೂ ಇರುತ್ತವೆ. ಇಲ್ಲಿ ಅವಕ್ಕೆ ಹೆಚ್ಚು ಕೆಲಸವಿಲ್ಲ, ನಮ್ಮ ಬಿಲ್ಡಿಂಗಿನ ವಾಚ್‌ಮನ್ ಹಾಗೆ. ವಾಸನೆ ತೆಗೆಯುವುದು ಅದರೊಳಗಿನ ಇದ್ದಿಲು.

ವಾಸನೆ ಹೋದದ್ದಂತೂ ನಿಜ. ಕಣ್ಣು ಮುಚ್ಚಿ ಕುಡಿದೆ. ಈಜುಕೊಳ ಇರಲಿಲ್ಲ. ಬಾವಿಯೂ ಇರಲಿಲ್ಲ. ಸುಮ್ನೆ ನೀರು. ಇವರು ಮಾತ್ರ ಅದರಲ್ಲೇ ಕಾಫಿ ಮಾಡಿಸಿ, "ಫಿಲ್ಟರ್ ನೀರಿನ ಫಿಲ್ಟರ್ ಕಾಫಿ" ಎಂದು ಇಡೀ ವಾರ ಅದೇ ಜೋಕು ಹೇಳಿದರು.

ಅತ್ತೆಗೆ ಒಂದು ವಿಷಯ ಹೇಳಲೇಬೇಕಾಯಿತು. ಜಗ್ಗು ಕ್ಲೋರಿನ್ ತೆಗೆಯುತ್ತದೆ, ಕ್ರಿಮಿಯನ್ನು ಕೊಲ್ಲುವುದಿಲ್ಲ. ಕಾಯುತ್ತಿದ್ದ ಕ್ಲೋರಿನ್ನೇ ಹೋದ ಮೇಲೆ ಆ ನೀರನ್ನು ಫ್ರಿಜ್ಜಿನಲ್ಲಿಟ್ಟು ಒಂದು ದಿನದೊಳಗೆ ಮುಗಿಸಬೇಕು. ಅತ್ತೆ ನನ್ನ ಮುಖ ನೋಡಿದರು. "ಮದ್ದಿನ ವಾಸನೆ ಅಂತ ನಾನು ಆವತ್ತೇ ಹೇಳಿದ್ದಲ್ದಾ?" ಎಂದರು. ಹೇಳಿದ್ದರು. ಹಾಗಾಗಿ ಈಗ ಮಳೆಗಾಲದಲ್ಲಿ ನೀರು ಕುದಿಸಿ, ಆರಿಸಿ, ಜಗ್ಗಿಗೆ ಸುರಿದು, ಫ್ರಿಜ್ಜಿಗಿಡುತ್ತೇನೆ. "ಕುದಿಸೋದು ನೀನು, ಸೋಸೋದು ಅದು, ಕುಡಿಯೋದು ನಾವು" ಎನ್ನುತ್ತಾರೆ ಇವರು, ಬಹಳ ನ್ಯಾಯವಾದ ಹಂಚಿಕೆ ಎಂಬಂತೆ.

ಜಗ್ಗು ತುಂಬಿಸುವವರು ಯಾರು ಎಂಬುದು ಬೇರೆಯೇ ಕತೆ. ಮನೆಯಲ್ಲಿ ಒಬ್ಬರೂ ಜಗ್ಗನ್ನು ಖಾಲಿ ಮಾಡುವುದಿಲ್ಲ. ತಳದಲ್ಲಿ ಎರಡು ಗುಟುಕು ಉಳಿಸುತ್ತಾರೆ. ಖಾಲಿ ಮಾಡಿದವರು ತುಂಬಿಸಬೇಕಲ್ಲ! ಇನ್ನು ಮಗನಿಗೆ ತಾಳ್ಮೆಯೇ ಇಲ್ಲ. ಮೇಲಿನ ನೀರು ಇಳಿಯುವ ಮೊದಲೇ ಜಗ್ಗು ಬಗ್ಗಿಸುತ್ತಾನೆ. ಮುಚ್ಚಳದ ಸಂದಿಯಿಂದ ಸೋಸದ ನೀರೇ ಅವನ ಗ್ಲಾಸಿಗೆ ಬೀಳುತ್ತದೆ. ಮೂಗಿಗೆ ಏನೂ ಗೊತ್ತಾಗುವುದಿಲ್ಲ, "ಎಷ್ಟು ಫ್ರೆಶ್ ಅಲ್ವಾ" ಎಂದು ಕುಡಿಯುತ್ತಾನೆ.

ಅವನೇ ಒಂದು ದಿನ ಇಂಥ ಜಗ್ಗುಗಳ ಪುರಾಣ ಓದಿ ಹೇಳಿದ. ಇದಕ್ಕೆಲ್ಲ ಹೆಸರುವಾಸಿಯಾದ ಬ್ರಿಟಾ ಎಂಬ ಕಂಪನಿಯನ್ನು 1966ರಲ್ಲಿ ಜರ್ಮನಿಯಲ್ಲಿ ಹೈನ್ಸ್ ಹಾಂಕಾಮರ್ ಎಂಬಾತ ಶುರು ಮಾಡಿದನಂತೆ, ಬ್ರಿಟಾ ಅವನ ಮಗಳ ಹೆಸರಂತೆ. ನಮ್ಮ ಜಗ್ಗು ಬೇರೆ ಕಂಪನಿಯದ್ದು. ಆದರೂ ಅತ್ತೆಗೆ ಖುಷಿಯಾಯಿತು. "ನೀರಿಗೆ ಹೆಣ್ಣಿನ ಹೆಸರೇ ಸರಿ. ಗಂಗೆ, ಕಾವೇರಿ, ಬ್ರಿಟಾ" ಎಂದರು.

"ಒಳಗಿನ ಇದ್ದಿಲನ್ನ ತೆಂಗಿನ ಗೆರಟೆಯಿಂದ ಮಾಡ್ತಾರೆ ಅಜ್ಜಿ."

ಅತ್ತೆ ಕೈಯಲ್ಲಿದ್ದ ಸೊಪ್ಪು ಕೆಳಗಿಟ್ಟರು. "ಗೆರಟೆಯಾ?"

ಕುಂದಾಪುರದ ಅವರ ತವರಿನಲ್ಲಿ ಬಚ್ಚಲೊಲೆಗೆ ಒಟ್ಟುತ್ತಿದ್ದದ್ದೇ ಗೆರಟೆ. ಆ ಇದ್ದಿಲಿನಲ್ಲೇ ಹಲ್ಲು ತಿಕ್ಕುತ್ತಿದ್ದದ್ದು, ಅದೇ ಕೆಂಡವನ್ನು ಇಸ್ತ್ರಿಪೆಟ್ಟಿಗೆಗೂ ಹಾಕುತ್ತಿದ್ದದ್ದು. ಕಂಪನಿಯವರು ಅದನ್ನು ಇನ್ನೂ ಕಾಯಿಸಿ ಕಣ್ಣಿಗೆ ಕಾಣದ ಲಕ್ಷಾಂತರ ತೂತು ಮಾಡುತ್ತಾರೆ, ಆ ತೂತುಗಳೇ ವಾಸನೆಯನ್ನು ಹಿಡಿಯುತ್ತವೆ ಎಂದು ಮಗ ವಿವರಿಸಿದ. ಅತ್ತೆ ಪೂರ್ತಿ ನಂಬಲಿಲ್ಲ. ತಿಂಗಳು ಕಳೆದು ಕಾರ್ಟ್ರಿಜ್ ಬದಲಿಸುವ ದಿನ ಹಳೆಯದನ್ನು ಕೈಗೆ ತೆಗೆದುಕೊಂಡು, ನಾವು ಬೇಡ ಬೇಡ ಎನ್ನುವುದರೊಳಗೆ ಮೆಟ್ಟುಕತ್ತಿಗೆ ಇಟ್ಟು ಸೀಳಿಯೇ ಬಿಟ್ಟರು.

ಕಪ್ಪು ಹರಳು, ಗಸಗಸೆಯಷ್ಟು ಸಣ್ಣ ಬಿಳಿ ಮಣಿ ಎಲ್ಲ ಒಟ್ಟಿಗೇ ನೆಲಕ್ಕೆ ಸುರಿಯಿತು. ಅತ್ತೆ ಒಂದು ಕಪ್ಪು ಹರಳನ್ನು ಹೆಬ್ಬೆರಳಿನಲ್ಲಿ ಒತ್ತಿ, ಉಜ್ಜಿ, ಬೆರಳಿಗೆ ಹತ್ತಿದ ಮಸಿಯನ್ನು ಬೆಳಕಿಗೆ ಹಿಡಿದು ನೋಡಿದರು. "ಹೌದು, ಗೆರಟೆಯೇ" ಎಂದರು. ತುಳಸಿಯ ಬುಡಕ್ಕೆ ಹಾಕಲು ಹೊರಟವರನ್ನು, ಬಿಳಿ ಮಣಿ ಪ್ಲಾಸ್ಟಿಕ್ಕು ಎಂದು ಮಗ ತಡೆದ. ಗುಡಿಸಿ ಕಸಕ್ಕೆ ಹಾಕಿದೆ.

ಆ ಮಣಿಗಳು ಇನ್ನೂ ಸಿಗುತ್ತಿವೆ. ಫ್ರಿಜ್ಜಿನಡಿ, ಗ್ಯಾಸ್ ಸಿಲಿಂಡರಿನ ಹಿಂದೆ. ನಿನ್ನೆ ಕೆಲಸದಾಕೆ ಪೊರಕೆ ನಿಲ್ಲಿಸಿ, ರವೆ ಚೆಲ್ಲಿತಾ ಅಕ್ಕ ಎಂದು ಮರಾಠಿಯಲ್ಲಿ ಕೇಳಿದಳು: "ರವಾ ಸಾಂಡ್ಲಾ ಕಾ, ತಾಈ?"