ಕಪ್ಪು ನೀರು ಕೊಳಕು ನೀರಲ್ಲ
ಅಮೆಜಾನ್‌ನ ಉಪನದಿ, ಕಪ್ಪು ನೀರಿನ ರಿಯೋ ನೀಗ್ರೋ ಬಗ್ಗೆ ನಿಮ್ಮ ಲೇಖನ ಓದಿ ಖುಷಿಯಾಯಿತು, ಆದರೆ ಅದರ ದಡದ ಕಾಡು ಉಳಿಯಬೇಕಾದರೆ ಅಲ್ಲಿ ಮೀನು ಹಿಡಿಯುವುದನ್ನೇ ನಿಲ್ಲಿಸಬೇಕು ಅನ್ನುವ ಅದರಲ್ಲಿನ ಮಾತನ್ನು ನಾನು ಒಪ್ಪಲಾರೆ. ಆ ನದಿ ದಡದ ಬ್ರೆಜಿಲ್ ಊರು ಬಾರ್ಸೆಲೋಸ್ ಕಡೆಯ ಎಷ್ಟೋ ಕುಟುಂಬಗಳು ಕಾರ್ಡಿನಲ್ ಟೆಟ್ರಾ ಅನ್ನುವ ಪುಟ್ಟ ಮೀನು ಹಿಡಿದು ಮಾರಿಯೇ ಬದುಕಿವೆ. ಆ ಮೀನಿಗೆ ನೆರೆಯಲ್ಲಿ ಮುಳುಗುವ ಕಾಡೇ ಮನೆ. ಮರ ಉಳಿದರೇನೇ ಅವರಿಗೆ ಊಟ, ಅದನ್ನೂ ಕಿತ್ತುಕೊಂಡರೆ ಮರ ಕಡಿಯಲು, ಚಿನ್ನ ಅಗೆಯಲು ಹೋಗದೆ ಇನ್ನೇನು ಮಾಡುತ್ತಾರೆ? ನಮ್ಮನೆ ಅಕ್ವೇರಿಯಂನಲ್ಲೂ ಈ ಮೀನುಗಳಿವೆ. ಒಣಗಿದ ಕಾಡು ಬಾದಾಮಿ ಎಲೆ ಹಾಕಿದರೆ ನೀರು ನಿಧಾನಕ್ಕೆ ಡಿಕಾಕ್ಷನ್ ಬಣ್ಣಕ್ಕೆ ತಿರುಗುತ್ತದೆ, ಅದರಲ್ಲಿ ಮೀನಿನ ಕೆಂಪು ಕೆಂಡದ ಹಾಗೆ ಹೊಳೆಯುತ್ತದೆ. ಆ ನದಿ ಕಪ್ಪಾಗಿರುವುದೂ ಹೀಗೇ, ಕೊಳೆತ ಎಲೆಯಿಂದ. 2023ರ ಅಕ್ಟೋಬರ್‌ನಲ್ಲಿ ಬ್ರೆಜಿಲ್‌ನ ಮನೌಸ್ ನಗರದ ಹತ್ತಿರ ಆ ನದಿಯ ನೀರಿನ ಮಟ್ಟ 1902ರಿಂದ ಇಟ್ಟ ದಾಖಲೆಯಲ್ಲೇ ಅತಿ ಕೆಳಗೆ ಇಳಿಯಿತು, 2024ರಲ್ಲಿ ಇನ್ನೂ ಕೆಳಗೆ. ನನಗೆ ಬಲೆಗಿಂತ ಇದರ ಭಯ ಜಾಸ್ತಿ. ದಯವಿಟ್ಟು ಅದರ ಬಗ್ಗೆಯೂ ಬರೆಯಿರಿ.