ಹೂವಿನ ಅಂಗಿ, ಎರಡು ಉಂಡೆ ಅನ್ನ

ಹವಾಯಿಯ ರಾಜಧಾನಿ ಹೊನೊಲುಲುವಿನಲ್ಲಿ ಶುಕ್ರವಾರ ಬೆಳಗ್ಗೆ ಯಾರಾದರೂ ಸೂಟು ಹಾಕಿ ಟೈ ಕಟ್ಟಿಕೊಂಡು ಲಿಫ್ಟಿನೊಳಗೆ ಬಂದರೆ ಜನ ಕನಿಕರದಿಂದ ನೋಡುತ್ತಾರೆ. ಪಾಪ, ಕೋರ್ಟು ಕೇಸಿರಬೇಕು, ಇಲ್ಲಾ ನಿನ್ನೆ ರಾತ್ರಿ ಅಮೆರಿಕದ ಮೇನ್‌ಲ್ಯಾಂಡಿನಿಂದ ಬಂದಿಳಿದಿರಬೇಕು. ಮಿಕ್ಕವರೆಲ್ಲ ಹೂವಿನ ಅಂಗಿಯಲ್ಲಿ. ಬ್ಯಾಂಕಿನ ಮ್ಯಾನೇಜರು, ಟಿವಿಯಲ್ಲಿ ವಾರ್ತೆ ಓದುವವರು, ಗವರ್ನರು, ನಮ್ಮ ಆಫೀಸಿನಲ್ಲಿ ಯಾವತ್ತೂ ನಗದ ಲೆಕ್ಕದ ಸಾಹೇಬರು, ಎಲ್ಲರ ಎದೆ ಮೇಲೂ ದಾಸವಾಳ ಅರಳಿರುತ್ತದೆ. ಅಂಗಿಯನ್ನು ಪ್ಯಾಂಟಿನೊಳಗೆ ಸಿಕ್ಕಿಸುವಂತಿಲ್ಲ. ಸಿಕ್ಕಿಸಿದರೆ ಯಾರೂ ಬೈಯುವುದಿಲ್ಲ, ಆದರೆ ಗೊತ್ತಾಗಿಬಿಡುತ್ತದೆ.

ಹವಾಯಿ ಅಂದರೆ ರಜೆ, ಮಧುಚಂದ್ರ, ಕೈಯಲ್ಲಿ ಕೊಡೆ ಸಿಕ್ಕಿಸಿದ ಶರಬತ್ತು ಅಂತ ನಮ್ಮ ಕಡೆ ಅಂದುಕೊಂಡಿದ್ದಾರೆ. ಅದು ಬಂದು ಹೋಗುವವರ ಹವಾಯಿ. ಊರಿನವರು ಆರಾಮಾಗಿರಲು ರಜೆ ಹಾಕುವುದಿಲ್ಲ. ಕೆಲಸದ ದಿನದಲ್ಲೇ ಅಷ್ಟಿಷ್ಟು ಸೇರಿಸಿಕೊಂಡು ಬಿಡುತ್ತಾರೆ. ಅದನ್ನು ಸುಮ್ನೆ ಹೇಗೆಂದರೆ ಹಾಗೆ ಮಾಡುವುದೂ ಇಲ್ಲ. ಆರಾಮಾಗಿರಲು ಇಲ್ಲಿ ಇರುವಷ್ಟು ರೀತಿ ರಿವಾಜು ನಮ್ಮೂರಿನ ಮದುವೆಗೂ ಇರಲಿಕ್ಕಿಲ್ಲ.

ನಾನು ಲೋಕಲ್ ಅಲ್ಲ. ಆ ಹೆಸರು ಇಲ್ಲಿ ಅಷ್ಟು ಸುಲಭಕ್ಕೆ ಸಿಗುವುದಿಲ್ಲ, ಎಷ್ಟು ವರ್ಷ ಇದ್ದರೂ ಬಂದವನು ಬಂದವನೇ. ಹೊಸಬರ ಪರಿಚಯವಾದರೆ ಊರಿನವರು ಮೊದಲು ಕೇಳುವುದು ಯಾವ ಹೈಸ್ಕೂಲು ಅಂತ. ಅದರಲ್ಲೇ ಬೀದಿ, ಬಂಧು ಬಳಗ, ಅಂತಸ್ತು ಎಲ್ಲ ಲೆಕ್ಕ ಹಾಕಿ ಮುಗಿಸುತ್ತಾರೆ. ಪಕ್ಕದ ಮನೆಯ ಆಂಟಿ ಕೇಳಿದಾಗ ಕುಂದಾಪುರ ಕಡೆಯ ನನ್ನ ಶಾಲೆಯ ಹೆಸರು ಹೇಳಿದೆ. ಆಕೆ ಸ್ವಲ್ಪ ಯೋಚಿಸಿ, ‘ಅದು ಮಾವಿ ದ್ವೀಪದಲ್ಲಾ?’ ಅಂದರು. ಹಿರಿಯರನ್ನೆಲ್ಲ ಇಲ್ಲೂ ಆಂಟಿ, ಅಂಕಲ್ ಅಂತಲೇ ಕರೆಯುತ್ತಾರೆ, ಸಂಬಂಧ ಇರಲಿ ಬಿಡಲಿ. ಹಾಗಾಗಿ ಬೆಂಗಳೂರಿನಲ್ಲಿದ್ದು ಬಂದ ನನಗೆ ಬಾಯಿ ತಿರುಗಿಸಿಕೊಳ್ಳುವ ಕಷ್ಟ ಬರಲಿಲ್ಲ. ಈ ಆಂಟಿಯಲ್ಲಿ ಜಪಾನಿ, ಹವಾಯಿ, ಪೋರ್ಚುಗೀಸ್ ಮೂರೂ ರಕ್ತ ಸೇರಿವೆ. ಹಬ್ಬ ಮಾತ್ರ ಆಕೆ ಯಾರದ್ದಾದರೂ ಬಿಡುವುದಿಲ್ಲ.

ಅಂಗಿಯ ವಿಷಯಕ್ಕೆ ಬರೋಣ. ಹುಟ್ಟಿದ್ದು 1930ರ ದಶಕದ ಹೊನೊಲುಲುವಿನ ದರ್ಜಿ ಅಂಗಡಿಗಳಲ್ಲಿ, ಕಿಮೋನೊ ಹೊಲಿಯಲು ಬಂದ ಜಪಾನಿ ಬಟ್ಟೆಯಿಂದ. ಮುಸಾಶಿಯಾ ಅನ್ನುವ ಅಂಗಡಿ 1935ರಲ್ಲಿ ಪತ್ರಿಕೆಯಲ್ಲಿ ಅಲೋಹಾ (ಇಲ್ಲಿನವರ ನಮಸ್ಕಾರ) ಅಂಗಿ ಅಂತ ಜಾಹೀರಾತು ಕೊಟ್ಟಿತು. ಎಲರಿ ಚುನ್ ಅನ್ನುವ ಚೀನೀ ಮೂಲದ ವ್ಯಾಪಾರಿ ಸ್ವಲ್ಪದರಲ್ಲೇ ಆ ಹೆಸರನ್ನು ತನ್ನ ಅಂಗಡಿಗೆ ನೋಂದಾಯಿಸಿಕೊಂಡರು. ಮೊದಮೊದಲು ಬಟ್ಟೆ ಮೇಲಿದ್ದದ್ದು ಫ್ಯೂಜಿ ಪರ್ವತ, ಬಿದಿರು, ಕೊಕ್ಕರೆ. ಇಲ್ಲಿನ ಹೂವು ಬರಲು ಕಾರಣವಾದವರಲ್ಲಿ ನಮ್ಮ ದೇಶದವರೂ ಇದ್ದಾರೆ. ಸಿಂಧ್‌ನ ಹೈದರಾಬಾದಿನಿಂದ ಬಂದ ವಾಟುಮಲ್ ಕುಟುಂಬ ಹೊನೊಲುಲುವಿನಲ್ಲಿ ಈಸ್ಟ್ ಇಂಡಿಯಾ ಸ್ಟೋರ್ ಇಟ್ಟಿತ್ತು. ಗೋವಿಂದರಾಮ್ ವಾಟುಮಲ್ 1936ರಲ್ಲಿ ತಮ್ಮ ಹೆಂಡತಿಯ ಸೋದರಿ, ಚಿತ್ರಗಾತಿ ಎಲ್ಸಿ ಜೆನ್ಸನ್ ಅವರಿಗೆ ಹೇಳಿ ಈ ನೆಲದ ಹೂವುಗಳನ್ನೇ ಬರೆಸಿ ಬಟ್ಟೆ ಅಚ್ಚು ಹಾಕಿಸಿದರು. ಜಪಾನಿ ಬಟ್ಟೆ, ಚೀನೀ ಅಂಗಡಿ, ಸಿಂಧಿ ದುಡ್ಡು, ಇವೆಲ್ಲ ಸೇರಿ ಹವಾಯಿಯ ಅಂಗಿಯಾಯಿತು!

ಆಫೀಸಿಗೆ ಅದು ಬಂದ ಕಥೆ ಇನ್ನೂ ಚೆನ್ನಾಗಿದೆ. 1962ರಲ್ಲಿ ಇಲ್ಲಿನ ಬಟ್ಟೆ ತಯಾರಕರ ಸಂಘ ಶಾಸಕರಿಗೆಲ್ಲ ತಲಾ ಎರಡು ಅಂಗಿ ಹಂಚಿತು. ಬೇಸಿಗೆಯಲ್ಲಿ ಇದನ್ನೇ ತೊಡಬಹುದು ಅಂತ ಸೆನೆಟ್ಟು ಗೊತ್ತುವಳಿ ಮಾಡಿತು. ಆಮೇಲೆ 1966ರಲ್ಲಿ ಅಲೋಹಾ ಶುಕ್ರವಾರ ಶುರುವಾಯಿತು. ಅಮೆರಿಕದ ಆಫೀಸುಗಳಲ್ಲಿ ಶುಕ್ರವಾರ ಟೈ ಬಿಚ್ಚಿಡುವ ರೂಢಿಗೆ ಬೀಜ ಇಲ್ಲೇ ಬಿದ್ದದ್ದು ಅನ್ನುತ್ತಾರೆ. ಶಾಸಕರಿಗೆ ಏನಾದರೂ ಹಂಚಿ ಜನರಿಗೆ ಒಳ್ಳೆಯದಾದದ್ದು ಪ್ರಪಂಚದಲ್ಲಿ ಇದೊಂದೇ ಇರಬೇಕು.

ಆದರೆ ಎಲ್ಲ ಹೂವಿನ ಅಂಗಿಯೂ ಒಂದೇ ಅಲ್ಲ. ಪ್ರವಾಸಿಗರು ತುಂಬಿರುವ ವೈಕಿಕಿ ಕಡಲತೀರದಲ್ಲಿ ಅಪ್ಪ, ಅಮ್ಮ, ಮೂರು ಮಕ್ಕಳು ಒಂದೇ ಥಾನಿನಿಂದ ಕತ್ತರಿಸಿದ ಕಡುಗೆಂಪು ಅಂಗಿ ಹಾಕಿಕೊಂಡು ಹೋಗುತ್ತಿದ್ದರೆ, ಇನ್ನೂ ಇಸ್ತ್ರಿಯ ಗೆರೆ ಮಾಸಿರದಿದ್ದರೆ, ಅವರು ಬಂದು ಎರಡು ದಿನವಾಗಿರಬೇಕು. ಊರಿನವರಿಗೆ ಬಣ್ಣ ಕಿರುಚಬಾರದು. ಅದಕ್ಕೇ ಬಟ್ಟೆಯ ಒಳಮಗ್ಗುಲನ್ನು ಹೊರಗೆ ಮಾಡಿ ಹೊಲಿಯುವ ಪದ್ಧತಿ ಬಂತು, ಹೊಸ ಅಂಗಿಯೂ ಬಿಸಿಲಲ್ಲಿ ಹತ್ತು ವರ್ಷ ಒಣಗಿದ್ದು ಅನ್ನಿಸಬೇಕು. ಜೇಬು ಎಲ್ಲಿದೆ ಅಂತ ಗೊತ್ತಾಗದಂತೆ ಹೂವಿಗೆ ಹೂವು, ಎಲೆಗೆ ಎಲೆ ಕೂಡಿಸಿ ಹೊಲಿದಿದ್ದರೆ ಅದು ಒಳ್ಳೆಯ ಅಂಗಿ. ತೆಂಗಿನ ಚಿಪ್ಪಿನ ಗುಂಡಿ ಇದ್ದರೆ ಇನ್ನೂ ಮೇಲು. ಪಕ್ಕದ ಮನೆ ಅಂಕಲ್‌ಗೆ ಆಫೀಸಿನ ಅಂಗಿ ಬೇರೆ, ಮದುವೆಯದು ಬೇರೆ, ಸಾವಿನ ಮನೆಗೆ ಹೋಗುವ ಕಡುಬಣ್ಣದ್ದು ಬೇರೆ. ಹೌದು, ಸಾವಿನ ಮನೆಗೂ ಹೂವಿನ ಅಂಗಿಯೇ. ಮೊದಲ ಸಲ ನೋಡಿದಾಗ ಒಂಥರಾ ಅನ್ನಿಸುತ್ತದೆ, ಆಮೇಲೆ ಬಿಳಿ ಬಟ್ಟೆಯೇ ವಿಚಿತ್ರವಾಗಿ ಕಾಣುತ್ತದೆ.

ಕಾಲಿಗೆ ರಬ್ಬರ್ ಚಪ್ಪಲಿ. ಇವರು ಅದನ್ನು ಸ್ಲಿಪ್ಪಾ ಅನ್ನುತ್ತಾರೆ. ಮನೆ ಬಾಗಿಲಲ್ಲಿ ಬಿಡದೆ ಒಳಗೆ ಹೋದರೆ ಮುಗಿಯಿತು ನಿಮ್ಮ ಮರ್ಯಾದೆ. ಪಾರ್ಟಿ ಇದ್ದ ಮನೆಯ ಮೆಟ್ಟಿಲ ಮೇಲೆ ಎಪ್ಪತ್ತು ಎಂಬತ್ತು ಜೊತೆ ಚಪ್ಪಲಿ ಬಿದ್ದಿರುತ್ತದೆ, ಎಲ್ಲವೂ ಕಪ್ಪು, ಎಲ್ಲವೂ ಒಂದೇ ಅಳತೆ ಅನ್ನಿಸುತ್ತದೆ. ಹೋಗುವಾಗ ನಿಮ್ಮದಕ್ಕಿಂತ ಒಳ್ಳೆಯದನ್ನು ಹಾಕಿಕೊಂಡು ಹೋಗಬೇಡಿ ಅಂತ ಕೆಲವರು ಬಾಗಿಲಿಗೆ ಬೋರ್ಡೇ ತಗುಲಿಸಿರುತ್ತಾರೆ. ದೇವಸ್ಥಾನದ ಮುಂದೆ ಚಪ್ಪಲಿ ಕಳೆದುಕೊಂಡು ಬೆಳೆದ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ, ಅಲ್ವಾ?

ಇನ್ನು ಊಟ. ಮಧ್ಯಾಹ್ನ ಒಂದು ಪ್ಲೇಟ್ ಲಂಚ್ ತಗೊಂಡರೆ ಡಬ್ಬಿಯಲ್ಲಿ ಐಸ್‌ಕ್ರೀಮ್ ಚಮಚದಲ್ಲಿ ತೋಡಿದ ಎರಡು ಉಂಡೆ ಅನ್ನ, ಮಯೋನೀಸ್ ಸುರಿದ ಮ್ಯಾಕರೋನಿ ಸಲಾಡು ಒಂದು ಉಂಡೆ, ಪಕ್ಕದಲ್ಲಿ ಸೋಯಾ ಸಾಸಿನಲ್ಲಿ ಬೆಂದ ಕೋಳಿಯೋ, ಕೊರಿಯನ್ ಮಾಂಸವೋ, ಮೀನೋ. ತರಕಾರಿ ಎಲ್ಲಿ ಅಂತ ಕೇಳಬೇಡಿ. ಈ ಊಟದ ಬೇರು ಕಬ್ಬಿನ ಗದ್ದೆಯಲ್ಲಿದೆ. ಕೂಲಿಗೆ ಅಂತ 1852ರಲ್ಲಿ ಚೀನೀಯರು ಬಂದರು, 1878ರಿಂದ ಪೋರ್ಚುಗೀಸರು, 1885ರಿಂದ ದೊಡ್ಡ ಸಂಖ್ಯೆಯಲ್ಲಿ ಜಪಾನೀಯರು, 1903ರಲ್ಲಿ ಕೊರಿಯನ್ನರು, 1906ರಲ್ಲಿ ಫಿಲಿಪಿನೋಗಳು. ಎಲ್ಲರ ಕೈಯಲ್ಲೂ ಎರಡಂತಸ್ತಿನ ತಗಡಿನ ಬುತ್ತಿ ಡಬ್ಬಿ, ಕೆಳಗೆ ಅನ್ನ, ಮೇಲೆ ನೆಂಚಿಕೊಳ್ಳಲು ಏನೋ ಒಂದು. ಬಿಸಿಲಲ್ಲಿ ಒಟ್ಟಿಗೆ ಕೂತವರು ಪಕ್ಕದವನ ಡಬ್ಬಿಗೆ ಕೈ ಹಾಕದೆ ಇರುತ್ತಾರೆಯೇ? ಕೂಲಿಯವರ ಬದುಕು ಕಠೋರವಾಗಿತ್ತು, ಅದನ್ನು ರುಚಿಯ ಕಥೆಯಾಗಿ ಮಾತ್ರ ಹೇಳುವುದು ನನಗೆ ಸರಿ ಕಾಣುವುದಿಲ್ಲ. ಆದರೆ ಇವತ್ತಿನ ಡಬ್ಬಿಯಲ್ಲಿ ನಾಲ್ಕು ದೇಶ ಅಕ್ಕಪಕ್ಕ ಕೂತಿರುವುದು ಆ ಗದ್ದೆಯಿಂದಲೇ.

ಸ್ಪ್ಯಾಮ್ ಅನ್ನುವ ಡಬ್ಬಿ ಹಂದಿಮಾಂಸದ ಬಗ್ಗೆ ಬೇರೆ ಕಡೆ ನಗುತ್ತಾರೆ. ಇಲ್ಲಿ ನಗುವ ಹಾಗಿಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಬಂದದ್ದು ಹೋಗಲೇ ಇಲ್ಲ, ವರ್ಷಕ್ಕೆ ಸುಮಾರು 70 ಲಕ್ಷ ಡಬ್ಬಿ ಖರ್ಚಾಗುತ್ತದೆ ಅಂತ ಲೆಕ್ಕ ಹೇಳುತ್ತಾರೆ. ಹುರಿದ ಒಂದು ಹೋಳನ್ನು ಅನ್ನದ ಇಟ್ಟಿಗೆಯ ಮೇಲಿಟ್ಟು ಕಡಲಪಾಚಿಯ ಹಾಳೆ ಸುತ್ತಿದರೆ ಮುಸುಬಿ. ಪೆಟ್ರೋಲು ಬಂಕಿನಲ್ಲೂ ಸಿಗುತ್ತದೆ, ಒಂದು ಕೈಯಲ್ಲಿ ತಿನ್ನಬಹುದು. ಮಲಸಾಡಾ ಅಂತ ಪೋರ್ಚುಗೀಸರ ಸಕ್ಕರೆ ಹೊರಳಿಸಿದ ಕರಿದ ಬನ್ನು ಇನ್ನೊಂದು. ಕಪಾಹುಲು ರಸ್ತೆಯ ಲೆನಾರ್ಡ್ಸ್ ಬೇಕರಿ 1952ರಿಂದ ಅದನ್ನೇ ಕರಿಯುತ್ತಿದೆ. ಬಿಸಿ ಇರುವಾಗಲೇ ತಿನ್ನಬೇಕು, ಮನೆಗೆ ತಂದು ತಿನ್ನುತ್ತೇನೆ ಅನ್ನುವವರ ಜೊತೆ ಜಗಳವಾಡಬೇಕು ಅನ್ನಿಸುತ್ತದೆ.

ನನ್ನನ್ನು ಮಾತ್ರ ಹಿಡಿದು ಹಾಕಿದ್ದು ಕೆಸು. ಇಲ್ಲಿನ ಮೂಲನಿವಾಸಿಗಳ ಹಿರಿಯರಾದ ಪಾಲಿನೇಷಿಯಾದ ಜನ ದೋಣಿ ಹತ್ತಿ ಸಾವಿರಾರು ಮೈಲಿ ಬರುವಾಗ ಕೆಸು, ತೆಂಗು, ಬಾಳೆ, ಕಬ್ಬು, ಅರಿಶಿನ, ಜೀಗುಜ್ಜೆ ಎಲ್ಲವನ್ನೂ ಹೊತ್ತು ತಂದರು. ಅಮ್ಮನ ಹಿತ್ತಲಿನ ಪಟ್ಟಿಯೇ ಇದು! ಕೆಸುವಿನ ಗೆಡ್ಡೆ ಬೇಯಿಸಿ ಕುಟ್ಟಿ ಮಾಡಿದ ನೇರಳೆ ಬಣ್ಣದ ಪೊಯ್ ಇವರಿಗೆ ಅನ್ನಕ್ಕಿಂತ ಹಿರಿದು. ಹವಾಯಿಯವರ ಕಥೆಯಲ್ಲಿ ಹುಟ್ಟುವಾಗಲೇ ತೀರಿಕೊಂಡ ಮೊದಲ ಮಗುವನ್ನು ಹೂತ ಜಾಗದಲ್ಲಿ ಕೆಸು ಚಿಗುರಿತು, ಆಮೇಲೆ ಹುಟ್ಟಿದ ತಮ್ಮನಿಂದ ಮನುಷ್ಯರು ಬಂದರು. ಅಂದರೆ ಕೆಸು ಎಲ್ಲರಿಗೂ ಅಣ್ಣ. ಪೊಯ್ ಬಟ್ಟಲು ತೆರೆದಿಟ್ಟಿರುವಾಗ ಮೇಜಿನಲ್ಲಿ ಜಗಳ, ಗದರಿಕೆ ನಡೆಯಕೂಡದು, ಅಣ್ಣ ಕೂತಿದ್ದಾನಲ್ಲ. ಬಂದು ಹೋಗುವವರು ಒಂದು ಬೆರಳು ಅದ್ದಿ ಮುಖ ಸಿಂಡರಿಸುತ್ತಾರೆ. ಎರಡು ದಿನ ಬಿಟ್ಟು ಹುಳಿ ಬಂದ ಮೇಲೆ ಉಪ್ಪು ಮೀನಿನ ಜೊತೆ ತಿಂದು ನೋಡಬೇಕು ಅವರು.

ಅದರ ಎಲೆಯಲ್ಲಿ ಹಂದಿಮಾಂಸ, ಮೀನು ಸುತ್ತಿ ಹಬೆಯಲ್ಲಿ ಬೇಯಿಸಿದರೆ ಲಾವ್‌ಲಾವ್. ಫೋನಿನಲ್ಲಿ ಅಮ್ಮನಿಗೆ ಹೇಳಿದೆ.

‘ಪತ್ರೊಡೆ ಅನ್ನು. ಹುಣಸೆಹಣ್ಣು ಎಷ್ಟು ಹಾಕ್ತಾರೆ?’

‘ಹುಣಸೆ ಹಾಕಲ್ಲಮ್ಮ.’

‘ಹಾಕದೆ ಗಂಟಲು ತುರಿಸಲ್ವೇನೋ?’

ಮೂರು ನಾಲ್ಕು ಗಂಟೆ ಬೇಯಿಸುತ್ತಾರೆ, ತುರಿಕೆ ಹೋಗುತ್ತದೆ ಅಂದೆ. ಅಷ್ಟು ಹೊತ್ತು ಗ್ಯಾಸ್ ಉರಿಸುವವರ ಬಗ್ಗೆ ಅಮ್ಮನಿಗೆ ಒಳ್ಳೆಯ ಅಭಿಪ್ರಾಯ ಬರಲಿಲ್ಲ. ಪೋಕೆ ವಿಷಯ ಹೇಳಿದಾಗ ಇನ್ನೂ ಕೆಟ್ಟಿತು. ಟ್ಯೂನಾ ಮೀನನ್ನು ಹಸಿಯಾಗೇ ಹೆಚ್ಚಿ ಕೆಂಪು ಉಪ್ಪು, ಕಡಲಪಾಚಿ, ಕುಕುಯಿ ಅನ್ನುವ ಮರದ ಹುರಿದ ಬೀಜದ ಪುಡಿ ಕಲಸುವುದು, ಅಷ್ಟೇ. ಸೂಪರ್‌ಮಾರ್ಕೆಟ್ಟಿನ ಮೀನಿನ ಕಟ್ಟೆಯಲ್ಲಿ ತೂಕ ಹಾಕಿ ಕೊಡುತ್ತಾರೆ. ‘ಹಸೀ ಮೀನಾ? ಆ ಊರಲ್ಲಿ ಒಲೆ ಇಲ್ವಾ?’ ಮೀನು ತಿನ್ನಿಸಿಯೇ ಬೆಳೆಸಿದ ಅಮ್ಮ ಕೇಳಿದ ಪ್ರಶ್ನೆ ಇದು.

ಸಂಜೆಯ ಬಗ್ಗೆ ಹೇಳಲೇಬೇಕು. ಇಲ್ಲಿ ಕಡಲತೀರ ಯಾರದ್ದೂ ಅಲ್ಲ, ಎಲ್ಲರದ್ದು. ಎಷ್ಟೇ ದುಬಾರಿ ಹೋಟೆಲು ಕಟ್ಟಿದರೂ ಅದರ ಮುಂದಿನ ಮರಳು ಸಾರ್ವಜನಿಕರದ್ದೇ ಅಂತ ಕಾನೂನಿದೆ. ಭಾನುವಾರ ಅಲಾ ಮೊವಾನಾ ಪಾರ್ಕಿಗೆ ಬಂದರೆ ನೋಡಬೇಕು, ಟೆಂಟು, ಇದ್ದಿಲಿನ ಒಲೆ, ಮಡಚುವ ಕುರ್ಚಿ, ಅಜ್ಜಿ, ಒಂದು ರೈಸ್ ಕುಕ್ಕರು, ಮನೆಯನ್ನೇ ಎತ್ತಿ ತಂದಿರುತ್ತಾರೆ. ಯಾರೋ ಒಬ್ಬರು ಉಕುಲೇಲೆ ಮೀಟುತ್ತಾರೆ. ಅದೂ 1879ರಲ್ಲಿ ಪೋರ್ಚುಗಲ್ಲಿನ ಮದೇರಾ ದ್ವೀಪದಿಂದ ಹಡಗಿನಲ್ಲಿ ಬಂದ ಪೋರ್ಚುಗೀಸರ ಪುಟ್ಟ ಗಿಟಾರಿನಿಂದ ಹುಟ್ಟಿದ್ದು. ಯಾರೂ ಏನೂ ಮಾಡುವುದಿಲ್ಲ, ಬೆಳಗ್ಗೆಯಿಂದ ಸಂಜೆವರೆಗೂ ಮಾಡುವುದಿಲ್ಲ. ನೀವು ಕೈಬೀಸಿಕೊಂಡು ಬಂದಿರೋ ಜಾಗ ಸಿಗುತ್ತದೆ, ಆದರೆ ಆಂಟಿ ನೆನಪಿಟ್ಟುಕೊಳ್ಳುತ್ತಾರೆ. ಒಂದು ಡಬ್ಬಿ ಮಲಸಾಡಾನೋ, ಒಂದು ಚೀಲ ಐಸೋ, ಏನಾದರೂ ತರಬೇಕು.

ಸರ್ಫಿಂಗ್ ನನಗೆ ಬರುವುದಿಲ್ಲ, ಕಲಿಯುವ ಉದ್ದೇಶವೂ ಇಲ್ಲ. ಆದರೆ ಬೆಳಕು ಹರಿಯುವ ಮೊದಲೇ ಅಲೆಯ ಮೇಲಿದ್ದು, ತೀರದ ನಲ್ಲಿಯಲ್ಲೇ ಮೈ ತೊಳೆದು, ಎಂಟು ಗಂಟೆಯ ಮೀಟಿಂಗಿಗೆ ಒದ್ದೆ ಕೂದಲಿನಲ್ಲಿ ಬಂದು ಕೂರುವ ಸಹೋದ್ಯೋಗಿಯನ್ನು ಕಂಡರೆ ಹೊಟ್ಟೆಕಿಚ್ಚಾಗುತ್ತದೆ. ಸರ್ಫಿಂಗನ್ನು ಜಗತ್ತಿಗೆ ತೋರಿಸಿದ, 1912ರ ಒಲಿಂಪಿಕ್ಸಿನಲ್ಲಿ ಈಜಿ ಚಿನ್ನ ಗೆದ್ದ ಡ್ಯೂಕ್ ಕಹನಮೋಕು ಅವರ ಪ್ರತಿಮೆ ವೈಕಿಕಿಯಲ್ಲಿದೆ. ಕಡಲಿಗೆ ಬೆನ್ನು ತೋರಿಸಿ ನಿಲ್ಲಿಸಿದ್ದಾರೆ, ಫೋಟೊ ಚೆನ್ನಾಗಿ ಬರಲಿ ಅಂತ ಇರಬೇಕು. ಯಾವ ಸರ್ಫರೂ ಕಡಲಿಗೆ ಬೆನ್ನು ಹಾಕಿ ನಿಲ್ಲುವುದಿಲ್ಲ ಅಂತ ಊರಿನವರು ಇವತ್ತಿಗೂ ಗೊಣಗುತ್ತಾರೆ.

ಈ ಆರಾಮು ಅಗ್ಗದ್ದೇನಲ್ಲ. ತಿನ್ನುವುದರಲ್ಲಿ ಶೇ 85ರಿಂದ 90ರಷ್ಟು ಹಡಗಿನಲ್ಲಿ ಬರುತ್ತದೆ, ಹಾಲಿನ ಬೆಲೆ ನೋಡಿ ಅಳು ಬರುತ್ತದೆ. ಎರಡೆರಡು ಕೆಲಸ ಮಾಡುವವರೇ ಜಾಸ್ತಿ. ಆಗದವರು ಲಾಸ್ ವೇಗಸ್‌ಗೆ ಹೋಗಿ ನೆಲೆಸುತ್ತಾರೆ, ಎಷ್ಟು ಜನ ಹೋಗಿದ್ದಾರೆಂದರೆ ಆ ಮರುಭೂಮಿಗೆ ಹವಾಯಿಯ ಒಂಬತ್ತನೇ ದ್ವೀಪ ಅಂತಲೇ ಹೆಸರು ಬಿದ್ದಿದೆ. ಆಂಟಿಯ ಮಗನೂ ಅಲ್ಲೇ ಇದ್ದಾನೆ. ತಿಂಗಳಿಗೊಮ್ಮೆ ಅವನಿಗೆ ತಿಂಡಿಯ ಪಾರ್ಸಲ್ ಹೋಗುತ್ತದೆ.

ಹೂವಿನ ಹಾರದ ವಿಷಯ ಉಳಿಯಿತು. ಮೇ 1 ಇಲ್ಲಿ ಹಾರದ ದಿನ, 1928ರಿಂದ ನಡೆದು ಬಂದಿದೆ. ಹೈಸ್ಕೂಲು ಮುಗಿಸಿದ ಮಕ್ಕಳಿಗೆ ಬಂಧುಗಳು ಹಾಕುವ ಹಾರ ಮೂಗಿನವರೆಗೂ ಬಂದಿರುತ್ತದೆ, ಮಗು ಯಾರದು ಅಂತ ಗೊತ್ತಾಗುವುದು ಕಣ್ಣಿನಿಂದ. ಹಾಕಿದವರ ಎದುರಲ್ಲಿ ತೆಗೆಯಬಾರದು, ಬಾಡಿದ ಮೇಲೂ ಕಸದ ಬುಟ್ಟಿಗೆ ಹಾಕಬಾರದು. ಮದುವೆಗೆ ನಮ್ಮ ದುಂಡುಮಲ್ಲಿಗೆಯೇ ಬೇಕು. ಇಲ್ಲಿ ರಾಜರಿದ್ದ ಕಾಲದ ರಾಜಕುಮಾರಿ ಕಾಯುಲಾನಿ ನವಿಲು ಸಾಕಿದ್ದಳಂತೆ, ಅವಳಿಗೆ ಈ ಹೂವೂ ಪ್ರಾಣ, ಹಾಗಾಗಿ ನವಿಲಿನ ಹೆಸರನ್ನೇ ಹೂವಿಗೂ ಇಟ್ಟುಬಿಟ್ಟರು. ಅವಳ ದೊಡ್ಡಮ್ಮ ರಾಣಿ ಲಿಲಿಯುಒಕಲಾನಿಗೆ ಇಷ್ಟವಾದದ್ದು ಏನು ಗೊತ್ತಾ? ಎಕ್ಕದ ಹೂವು. ನಮ್ಮಲ್ಲಿ ರೈಲ್ವೆ ಹಳಿ ಪಕ್ಕ ಬೆಳೆಯುತ್ತದಲ್ಲ, ಅದೇ. ಕಿರೀಟದಂಥ ನಡುಭಾಗವನ್ನಷ್ಟೇ ಬಿಡಿಸಿ ಪೋಣಿಸುತ್ತಾರೆ, ದುಡ್ಡು ಕೊಟ್ಟು ಕೊಳ್ಳಬೇಕು.

ಹೋದ ಹುಟ್ಟುಹಬ್ಬಕ್ಕೆ ಆಂಟಿ ನನಗೂ ಒಂದು ಎಕ್ಕದ ಹಾರ ಹಾಕಿದರು. ಫೋಟೊ ತೆಗೆದು ಮನೆಗೆ ಕಳಿಸಿದೆ. ಐದು ನಿಮಿಷಕ್ಕೆ ಅಮ್ಮನ ಫೋನು.

‘ಆಂಜನೇಯನಿಗೆ ಹಾಕೋದನ್ನ ನಿಂಗೆ ಯಾಕೋ ಹಾಕಿದ್ರು? ಬಾಲ ಗೀಲ ಬಂದಿದ್ಯಾ ನೋಡ್ಕೋ.’