ಮೇಲೆ ಪುಡಿ ಉದುರಿಸಿದ ಮಾತ್ರಕ್ಕೆ ಕ್ರಂಬಲ್ ಆಗುವುದಿಲ್ಲ

ಇಂಗ್ಲೆಂಡಿನಲ್ಲಿ ಕುಳಿತು ಇಂಗ್ಲಿಷರಿಗೇ ಕ್ರಂಬಲ್ ಪಾಠ ಹೇಳಬೇಕಾದ ದಿನ ಬರುತ್ತದೆಂದು ನಾನು ಎಣಿಸಿರಲಿಲ್ಲ. ಕ್ರಂಬಲ್ ಎಂದರೆ ಹಣ್ಣಿನ ಮೇಲೆ ಮೈದಾ, ಬೆಣ್ಣೆ, ಸಕ್ಕರೆಯ ಪುಡಿ ಹರಡಿ ಓವನ್‌ನಲ್ಲಿ ಬೇಯಿಸುವ ಇಲ್ಲಿನ ಸಿಹಿತಿಂಡಿ. ಇಂದು ಮಧ್ಯಾಹ್ನ ಇಲ್ಲಿ ಲೀಡ್ಸ್‌ನ ಒಂದು ಕೆಫೆಯಲ್ಲಿ ಗೂಸ್‌ಬೆರಿ (ನಮ್ಮ ನೆಲ್ಲಿಕಾಯಿಯಲ್ಲ, ಇಲ್ಲಿನ ಒಂದು ಹುಳಿ ಹಣ್ಣು) ಕ್ರಂಬಲ್ ಕೇಳಿದರೆ, ಗಾಜಿನ ಲೋಟದ ತುಂಬ ಫ್ರಿಜ್ಜಿನಿಂದ ತೆಗೆದ ತಣ್ಣನೆಯ ಹಣ್ಣು, ಅದರ ಮೇಲೆ ಎಂದೋ ಹುರಿದಿಟ್ಟ ಒಂದು ಚಮಚ ಪುಡಿ, ತುದಿಗೆ ಒಂದು ಪುದೀನಾ ಎಲೆ ಬಂದವು. ಬೆಲೆ 8 ಪೌಂಡ್. ಅದರಲ್ಲಿ ಅರ್ಧ ಪುದೀನಾಕ್ಕೇ ಇರಬೇಕು.

ನನ್ನ ತಕರಾರು ಒಂದೇ. ಹಣ್ಣು ಮತ್ತು ಪುಡಿ ಒಂದೇ ಪಾತ್ರೆಯಲ್ಲಿ ಒಟ್ಟಿಗೆ ಬೇಯಬೇಕು. 200 ಗ್ರಾಂ ಮೈದಾ, 100 ಗ್ರಾಂ ಬೆಣ್ಣೆ, 100 ಗ್ರಾಂ ಸಕ್ಕರೆ, ಇದಕ್ಕಿಂತ ದೊಡ್ಡ ಗುಟ್ಟೇನೂ ಇದರಲ್ಲಿಲ್ಲ. ಅಂಗೈಯ ಬಿಸಿಗೆ ಬೆಣ್ಣೆ ಕರಗುವುದರಿಂದ ತಣ್ಣನೆಯ ಬೆಣ್ಣೆಯನ್ನು ಬೆರಳ ತುದಿಗಳಲ್ಲಿ ಮಾತ್ರ ಮೈದಾದೊಂದಿಗೆ ಉಜ್ಜಿ, ಒರಟು ರವೆಯ ಹಾಗಾದಾಗ ಸಕ್ಕರೆ ಬೆರೆಸಿ, ಗೂಸ್‌ಬೆರಿಯ ಮೇಲೆ ಒತ್ತದೆ ಸಡಿಲವಾಗಿ ಹರಡಿ, 180 ಡಿಗ್ರಿಯಲ್ಲಿ ಸುಮಾರು 40 ನಿಮಿಷ ಇಟ್ಟರೆ ಮಿಕ್ಕ ಕೆಲಸವನ್ನು ಓವನ್ ನೋಡಿಕೊಳ್ಳುತ್ತದೆ. ಹಣ್ಣು ಒಡೆದು ಅದರ ಹುಳಿ ರಸ ಪಾತ್ರೆಯ ಅಂಚಿನಲ್ಲಿ ಕುದಿದು ಮೇಲೆ ಬರುತ್ತದೆ. ತಳದ ಪುಡಿ ಆ ರಸವನ್ನು ಹೀರಿ ಮೆತ್ತಗಾಗುತ್ತದೆ, ನಡುವಿನದು ಉದುರುದುರಾಗಿಯೇ ಉಳಿಯುತ್ತದೆ, ಮೇಲಿನದು ಹೊಂಬಣ್ಣಕ್ಕೆ ತಿರುಗಿ ಗರಿಗರಿಯಾಗುತ್ತದೆ. ಬೇರೆಯಾಗಿ ಹುರಿದ ಪುಡಿಗೆ ಕೊನೆಯದೊಂದೇ ಗೊತ್ತು. ಇಲ್ಲಿ ಒಂದು ನಿಜ ಹೇಳಿಬಿಡುತ್ತೇನೆ: ಅಂಚಿನಲ್ಲಿ ರಸ ಉಕ್ಕಿ ಪಾತ್ರೆಗೆ ಅಂಟಿಕೊಂಡ ಆ ಕಂದು ಪಾಕವನ್ನು ಮಕ್ಕಳಿಗೆ ಬಡಿಸುವ ಮೊದಲೇ ನಾನು ಕೆರೆದು ತಿಂದಿರುತ್ತೇನೆ. ಲೋಟದಲ್ಲಿ ಕೆರೆಯಲು ಏನಿದೆ?

ಬಿಸಿಬೇಳೆಬಾತಿನ ಮೇಲೆ ಖಾರಾಬೂಂದಿಯನ್ನು ತಿನ್ನುವ ಹೊತ್ತಿಗೇ ಹಾಕಿಕೊಳ್ಳುವುದಿಲ್ಲವೇ, ಗರಿಗರಿ ಉಳಿಯಬೇಕಾದರೆ ಬೇರೆಯಿಡುವುದೇ ಜಾಣತನವಲ್ಲವೇ ಎಂದು ನಮ್ಮವರು ಯಾರಾದರೂ ಕೇಳಬಹುದು. ಬಾತಿಗೆ ಅದು ಸರಿ, ಏಕೆಂದರೆ ಬೂಂದಿ ಇಲ್ಲದೆಯೂ ಬಾತು ಬಾತೇ. ಕ್ರಂಬಲ್‌ನಲ್ಲಿ ಪುಡಿಯನ್ನು ತೆಗೆದರೆ ಉಳಿಯುವುದು ಬೆಂದ ಹಣ್ಣು ಮಾತ್ರ, ಅದಕ್ಕೆ ಯಾರೂ 8 ಪೌಂಡ್ ಕೊಡುವುದಿಲ್ಲ. ನಾನು ಕೊಟ್ಟೆ ಎನ್ನುವುದು ಬೇರೆ ಮಾತು.

ಈ ತಿಂಡಿ ಇಲ್ಲಿನ ಮನೆಮನೆಯಲ್ಲಿ ನೆಲೆಯೂರಿದ್ದೇ ಕೊರತೆಯ ಕಾಲದಲ್ಲಿ. 1940ರ ಜನವರಿಯಲ್ಲಿ ಬೆಣ್ಣೆ, ಸಕ್ಕರೆಗಳಿಗೆ ರೇಷನ್ ಬಂತು, ಬೆಣ್ಣೆಯ ಮೇಲಿನದು 1954ರವರೆಗೂ ಹೋಗಲಿಲ್ಲ. ಹಿಟ್ಟು ಕಲಸಿ ಲಟ್ಟಿಸಿ ಪೈ ಮಾಡಲು ಬೇಕಾದಷ್ಟು ಜಿಡ್ಡು ಕೈಗೆ ಸಿಗದ ಗೃಹಿಣಿಯರಿಗೆ, ಇರುವಷ್ಟರಲ್ಲಿ ಉಜ್ಜಿ ಉದುರಿಸುವ ಕ್ರಂಬಲ್ ಒದಗಿಬಂತು. ಅಂತಹ ಬಡ ಅಡುಗೆಯನ್ನು ಲೋಟಕ್ಕೆ ತುಂಬಿ ಶೋಕಿ ಮಾಡುವುದನ್ನು ಕಂಡಾಗ ನನಗೆ ಸಿಟ್ಟು ಇಮ್ಮಡಿಯಾಗುತ್ತದೆ.

ಅದಿರಲಿ, ಕಸ್ಟರ್ಡ್ ಎಲ್ಲಿ ಹುಯ್ಯಬೇಕು? ಬಿಸಿ ಕ್ರಂಬಲ್ ಮೇಲೆ ಬಿಸಿ ಕಸ್ಟರ್ಡ್ ಹುಯ್ದರೆ ಅದು ಪುಡಿಯ ಸಂದುಗಳಲ್ಲಿ ಇಳಿದು ಹಣ್ಣಿನ ಹುಳಿಯನ್ನು ಸೇರುತ್ತದೆ. ತಣ್ಣನೆಯ ಲೋಟದಲ್ಲಿ ಆ ಸುಖವೂ ಇಲ್ಲ. ಮೊಟ್ಟೆ ಒಗ್ಗದ ಹೆಂಡತಿಗಾಗಿ ಬರ್ಮಿಂಗ್‌ಹ್ಯಾಮ್‌ನ ಆಲ್ಫ್ರೆಡ್ ಬರ್ಡ್ 1837ರಲ್ಲಿ ಕಾರ್ನ್‌ಫ್ಲೋರ್‌ನಿಂದ ಮಾಡಿದ ಕಸ್ಟರ್ಡ್ ಪುಡಿ ನಮ್ಮಂತಹವರಿಗೂ ವರವಾಯಿತು. ಕ್ರಂಬಲ್‌ಗೂ ಮೊಟ್ಟೆ ಬೇಡ. ಊರಿನಿಂದ ಬಂದಿದ್ದ ನಮ್ಮ ಅತ್ತೆಯವರು, ಇಲ್ಲಿನ ಕೇಕು ಬಿಸ್ಕತ್ತುಗಳನ್ನೆಲ್ಲ ಅನುಮಾನದಿಂದಲೇ ನೋಡುತ್ತಿದ್ದವರು, ಎದುರಿಗೇ ಮಾಡಿದ್ದನ್ನು ಕಂಡು ಎರಡನೆಯ ಸಲ ಬಡಿಸಿಕೊಂಡರು.

ಗಿರಾಕಿಯನ್ನು 40 ನಿಮಿಷ ಕಾಯಿಸಲು ಆಗದು ಎಂಬುದು ಕೆಫೆಯವರ ಕಷ್ಟವಾದರೆ, ಬೆಳಿಗ್ಗೆಯೇ ಬೇಯಿಸಿಟ್ಟು ಕೇಳಿದಾಗ ಮತ್ತೆ ಓವನ್‌ನಲ್ಲಿ ಬಿಸಿ ಮಾಡಿ ಕೊಡಲಿ, ಮರುದಿನವಾದರೂ ಅದರ ರುಚಿ ಕೆಡುವುದಿಲ್ಲ. ನಮ್ಮ ಮನೆಯಲ್ಲಿ ಅಪ್ಪಿತಪ್ಪಿ ಉಳಿದದ್ದು ಬೆಳಗಿನ ಕಾಫಿಯ ಮೊದಲೇ ಖಾಲಿಯಾಗಿರುತ್ತದೆ.